ಎಸ್.ಎಸ್.ಎಲ್.ಸಿ. ನಂತರ ವಿಜ್ಞಾನ ವಿಷಯ ಸಂಯೋಜನೆಯ ಆಯ್ಕೆ: ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಪೀಠಿಕೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಪದವಿ ಪೂರ್ವ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರಬಯಸುವ ವಿದ್ಯಾರ್ಥಿಯು ಪ್ರವೇಶ ಅರ್ಜಿಯಲ್ಲಿ ಅನೇಕ ಅಂಕಣಗಳನ್ನು ಭರ್ತಿ ಮಾಡಬೇಕಾಗುತ್ತದೆ. ಹೆಸರು, ವಿಳಾಸ, ಜಾತಿ, ಆದಾಯ ಮುಂತಾದ ವಿವರಗಳಲ್ಲಿ ತಪ್ಪಾದರೆ ಅದನ್ನು ಸರಿಪಡಿಸಿಕೊಳ್ಳಲು ಮಾರ್ಗಗಳಿವೆ. ಆದರೆ 'ವಿಷಯ ಸಂಯೋಜನೆ' ಎಂಬ ಅಂಕಣದಲ್ಲಿ ಆಲೋಚನೆಯಿಲ್ಲದೆ ಬರೆದ ನಾಲ್ಕು ಅಕ್ಷರಗಳ ಪರಿಣಾಮವು ಎರಡು ವರ್ಷಗಳ ನಂತರ, ಅಂದರೆ ವೃತ್ತಿಪರ ಕೋರ್ಸುಗಳಿಗೆ ಅರ್ಜಿ ಸಲ್ಲಿಸುವ ವೇಳೆಗೆ, ಗೋಚರವಾಗುತ್ತದೆ. ಆಗ ಅದನ್ನು ಬದಲಾಯಿಸಲು ಬರುವುದಿಲ್ಲ.

ಕಲಾದಗಿ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ವಿದ್ಯಾರ್ಥಿಗಳ ಪೈಕಿ ಬಹಳಷ್ಟು ಮಂದಿ ತಮ್ಮ ಕುಟುಂಬದಲ್ಲಿ ಕಾಲೇಜು ಮೆಟ್ಟಿಲು ಏರುವ ಮೊದಲಿಗರಾಗಿರುತ್ತಾರೆ. ಯಾವ ಪದವಿಗೆ ಯಾವ ವಿಷಯ ಬೇಕೆಂದು ಮನೆಯಲ್ಲಿ ಹೇಳುವವರು ಇರುವುದಿಲ್ಲ. ಸ್ನೇಹಿತನು ಬರೆದದ್ದನ್ನು ನೋಡಿ ಬರೆಯುವುದು, ಇಲ್ಲವೇ ಸೀಟು ಖಾಲಿಯಿರುವ ಸಂಯೋಜನೆಗೆ ಒಪ್ಪಿಕೊಳ್ಳುವುದು ಸಾಮಾನ್ಯವಾಗಿದೆ. ಇದನ್ನು ಗಮನದಲ್ಲಿರಿಸಿಕೊಂಡು ಅವಶ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಪದವಿ ಪೂರ್ವ ವಿಜ್ಞಾನ ವಿಭಾಗದ ಸ್ವರೂಪ

ಪದವಿ ಪೂರ್ವ ಶಿಕ್ಷಣವು ಎರಡು ವರ್ಷಗಳ ಅವಧಿಯದಾಗಿದ್ದು, ವಿದ್ಯಾರ್ಥಿಯು ಎರಡು ಭಾಷೆಗಳನ್ನು ಹಾಗೂ ನಾಲ್ಕು ಐಚ್ಛಿಕ ವಿಷಯಗಳನ್ನು ಅಭ್ಯಸಿಸತಕ್ಕದ್ದು. ಪ್ರತಿ ವಿಷಯಕ್ಕೆ 100ರಂತೆ ಒಟ್ಟು 600 ಅಂಕಗಳಿರುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ 70 ಅಂಕಗಳು ಲಿಖಿತ ಪರೀಕ್ಷೆಗೆ, 30 ಅಂಕಗಳು ಪ್ರಾಯೋಗಿಕ ಪರೀಕ್ಷೆಗೆ ಮೀಸಲಾಗಿವೆ. 2012-13ನೇ ಸಾಲಿನಿಂದ ರಾಜ್ಯದ ಪದವಿ ಪೂರ್ವ ವಿಜ್ಞಾನ ತರಗತಿಗಳಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ, ಅಂದರೆ ಎನ್.ಸಿ.ಇ.ಆರ್.ಟಿ.ಯ ಪಠ್ಯಕ್ರಮವನ್ನು ಅಳವಡಿಸಲಾಗಿದೆ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳೂ ಬಹುಮಟ್ಟಿಗೆ ಇದೇ ಪಠ್ಯವನ್ನು ಆಧರಿಸಿರುವುದರಿಂದ, ಕಾಲೇಜಿನ ಪಠ್ಯಪುಸ್ತಕವನ್ನು ಬದಿಗಿಟ್ಟು ಬೇರೆ ಪುಸ್ತಕಗಳ ಹಿಂದೆ ಓಡುವ ಅಗತ್ಯವು ಜನರು ಭಾವಿಸುವಷ್ಟು ಇರುವುದಿಲ್ಲ.

2023-24ನೇ ಸಾಲಿನಿಂದ ದ್ವಿತೀಯ ಪಿ.ಯು.ಸಿ. ವಾರ್ಷಿಕ ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ನಡೆಸುವ ಪದ್ಧತಿ ಜಾರಿಗೆ ಬಂದಿದೆ. ಪರೀಕ್ಷೆಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುತ್ತದೆ. ಒಂದು ವಿಷಯದಲ್ಲಿ ಕಡಿಮೆ ಅಂಕ ಬಂದವರಿಗೆ ಅದೇ ವರ್ಷ ಅಂಕ ಸುಧಾರಿಸಿಕೊಳ್ಳಲು ಇದರಿಂದ ಅವಕಾಶ ದೊರೆತಿದೆ. ಆದರೆ ಓದದೇ ಬಿಟ್ಟ ವಿಷಯಕ್ಕೆ ಈ ಪರೀಕ್ಷೆಗಳಿಂದ ಯಾವ ಪ್ರಯೋಜನವೂ ಇಲ್ಲ.

ಸಂಯೋಜನೆಗಳು

ವಿಜ್ಞಾನ ವಿಭಾಗದ ಪ್ರಚಲಿತ ಸಂಯೋಜನೆಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತಶಾಸ್ತ್ರ ಈ ಮೂರೂ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯ ವಿಷಯ ಮಾತ್ರ ಬದಲಾಗುತ್ತದೆ. ಜೀವಶಾಸ್ತ್ರವಿದ್ದರೆ ಪಿಸಿಎಂಬಿ, ಗಣಕ ವಿಜ್ಞಾನವಿದ್ದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಇದ್ದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಿದ್ದರೆ ಪಿಸಿಎಂಎಸ್ ಎಂದು ಕರೆಯುವುದು ರೂಢಿ. ಗಣಿತದ ಬದಲಿಗೆ ಗೃಹ ವಿಜ್ಞಾನ ಮುಂತಾದ ವಿಷಯಗಳನ್ನು ಹೊಂದಿರುವ ಸಂಯೋಜನೆಗಳು ಕೆಲವೇ ಕಾಲೇಜುಗಳಲ್ಲಿ ಲಭ್ಯವಿವೆ.

ಎಲ್ಲ ಕಾಲೇಜುಗಳಲ್ಲಿ ಎಲ್ಲ ಸಂಯೋಜನೆಗಳೂ ಇರುವುದಿಲ್ಲ. ಕಾಲೇಜಿಗೆ ಯಾವ ಸಂಯೋಜನೆ ಮಂಜೂರಾಗಿದೆಯೋ ಅದನ್ನು ಮಾತ್ರ ಬೋಧಿಸಲು ಅವಕಾಶವಿದೆ. ಆದ್ದರಿಂದ ಕಾಲೇಜಿನ ಆಯ್ಕೆ ಮೊದಲು, ಸಂಯೋಜನೆಯ ಆಯ್ಕೆ ನಂತರ ಎಂಬ ಕ್ರಮವನ್ನು ತಿರುಗಿಸಿಕೊಳ್ಳುವುದು ಸೂಕ್ತ. ಬೇಕಾದ ಸಂಯೋಜನೆಯನ್ನು ನಿರ್ಧರಿಸಿ, ಅದು ಎಲ್ಲಿದೆ ಎಂದು ವಿಚಾರಿಸಿ, ಬಳಿಕ ಅರ್ಜಿ ಪಡೆಯತಕ್ಕದ್ದು.

ಯಾವ ವ್ಯಾಸಂಗಕ್ಕೆ ಯಾವ ವಿಷಯ ಅವಶ್ಯ

ಇಂಜಿನಿಯರಿಂಗ್: ಬಿ.ಇ. ಅಥವಾ ಬಿ.ಟೆಕ್. ಪ್ರವೇಶಕ್ಕೆ ರಾಜ್ಯದಲ್ಲಿ ಭೌತಶಾಸ್ತ್ರ ಮತ್ತು ಗಣಿತಶಾಸ್ತ್ರ ಕಡ್ಡಾಯ. ಮೂರನೆಯ ವಿಷಯವಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ, ಗಣಕ ವಿಜ್ಞಾನ ಅಥವಾ ಎಲೆಕ್ಟ್ರಾನಿಕ್ಸ್ ಪೈಕಿ ಒಂದನ್ನು ಅರ್ಹತೆಗೆ ಪರಿಗಣಿಸಲಾಗುತ್ತದೆ. ಈ ಮೂರು ವಿಷಯಗಳಲ್ಲಿ ಒಟ್ಟಾರೆ ಶೇ. 45ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ರಾಜ್ಯದ ಹಿಂದುಳಿದ ವರ್ಗಗಳ ಅಭ್ಯರ್ಥಿಗಳು ಶೇ. 40ರಷ್ಟು ಅಂಕ ಪಡೆದಿರಬೇಕು. ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿ.ಇ.ಟಿ.ಯ, ರ್‍ಯಾಂಕನ್ನು ನಿರ್ಧರಿಸುವಾಗ ಭೌತ, ರಸಾಯನ, ಗಣಿತ ವಿಷಯಗಳಲ್ಲಿ ಪಿ.ಯು.ಸಿ.ಯ ಅಂಕಗಳಿಗೆ ಅರ್ಧ ಭಾಗ, ಸಿ.ಇ.ಟಿ.ಯ ಅಂಕಗಳಿಗೆ ಅರ್ಧ ಭಾಗ ನೀಡಲಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದಲು ಪಿ.ಯು.ಸಿ.ಯಲ್ಲಿ ಗಣಕ ವಿಜ್ಞಾನ ಓದಿರಲೇಬೇಕೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಅಂತಹ ನಿಯಮ ಯಾವುದೂ ಇಲ್ಲ. ಗಣಕ ವಿಜ್ಞಾನದಲ್ಲಿ 100ಕ್ಕೆ 100 ಪಡೆದರೂ ಸಿ.ಇ.ಟಿ. ರ್‍ಯಾಂಕಿಗೆ ಅದು ಸೇರುವುದಿಲ್ಲ. ಜೀವಶಾಸ್ತ್ರ ಓದಿದ ವಿದ್ಯಾರ್ಥಿಯೂ ಗಣಕ ವಿಜ್ಞಾನ ಓದಿದ ವಿದ್ಯಾರ್ಥಿಯೂ ಕಂಪ್ಯೂಟರ್ ಶಾಖೆಯ ಸೀಟಿಗೆ ಸಮಾನ ಅರ್ಹರು. ಇಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಅನ್ನು ಪ್ರಾರಂಭದಿಂದಲೇ ಬೋಧಿಸಲಾಗುತ್ತದೆ. ಮೊದಲೇ ಓದಿದವರಿಗೆ ಕೆಲವು ವಾರಗಳ ಅನುಕೂಲ ದೊರೆಯಬಹುದು, ಅಷ್ಟೇ.

ವೈದ್ಯಕೀಯ, ದಂತ ವೈದ್ಯಕೀಯ ಮತ್ತು ಆಯುಷ್: ಎಂ.ಬಿ.ಬಿ.ಎಸ್., ಬಿ.ಡಿ.ಎಸ್., ಆಯುರ್ವೇದ, ಹೋಮಿಯೋಪತಿ, ಯುನಾನಿ ಪದವಿಗಳಿಗೆ ರಾಷ್ಟ್ರಮಟ್ಟದ ನೀಟ್ ಪರೀಕ್ಷೆ ಕಡ್ಡಾಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹಾಗೂ ಇಂಗ್ಲಿಷ್ ಭಾಷೆಯನ್ನು ಓದಿರಬೇಕು. ಗಣಿತ ಅವಶ್ಯವಿಲ್ಲ. 2025ರಲ್ಲಿ ನಡೆದ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳಿದ್ದು, ಅವುಗಳ ಪೈಕಿ 90 ಪ್ರಶ್ನೆಗಳು ಜೀವಶಾಸ್ತ್ರಕ್ಕೆ ಸೇರಿದ್ದವು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯಲಾಗುತ್ತದೆ. ಸಿ.ಇ.ಟಿ.ಯಲ್ಲಿ ಹೀಗೆ ಕಳೆಯುವ ಪದ್ಧತಿ ಇಲ್ಲ. ಎರಡೂ ಪರೀಕ್ಷೆ ಬರೆಯುವವರು ಈ ವ್ಯತ್ಯಾಸವನ್ನು ಮರೆಯಬಾರದು. ನೀಟ್ ಬರೆಯಲು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಚಿಕ್ಕ ವಯಸ್ಸಿನಲ್ಲೇ ಶಾಲೆಗೆ ಸೇರಿದ ಮಕ್ಕಳ ಪೋಷಕರು ಜನ್ಮ ದಿನಾಂಕವನ್ನು ಈಗಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಜಿಲ್ಲೆಯಲ್ಲಿ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಿಂದ ಕಾರ್ಯನಿರ್ವಹಿಸುತ್ತಿದೆ. ಖಾಸಗಿ ಕಾಲೇಜಿನ ಸೀಟಿಗೂ ನೀಟ್ ಅರ್ಹತೆ ಬೇಕೇ ಬೇಕು.

ಶುಶ್ರೂಷಾ ಹಾಗೂ ಅರೆ ವೈದ್ಯಕೀಯ ಪದವಿಗಳು: ಬಿ.ಎಸ್ಸಿ. ನರ್ಸಿಂಗ್, ಫಿಜಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನದಂತಹ ಪದವಿಗಳಿಗೆ ಜೀವಶಾಸ್ತ್ರ ಅವಶ್ಯ. 2023-24ನೇ ಸಾಲಿನಿಂದ ಬಿ.ಎಸ್ಸಿ. ನರ್ಸಿಂಗ್ ಸೀಟುಗಳನ್ನು ಸಿ.ಇ.ಟಿ. ಮೂಲಕ ಹಂಚಲಾಗುತ್ತಿದೆ. ಬೇಗ ಉದ್ಯೋಗಕ್ಕೆ ಸೇರಬೇಕಾದ ಕುಟುಂಬಗಳ ಮಕ್ಕಳು, ವಿಶೇಷವಾಗಿ ಹೆಣ್ಣು ಮಕ್ಕಳು, ಈ ಪದವಿಗಳನ್ನು ಆರಿಸುವುದುಂಟು. ಪಿಸಿಎಂಸಿ ಓದಿದವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಔಷಧ ವಿಜ್ಞಾನ: ಬಿ.ಫಾರ್ಮಾ. ಮತ್ತು ಡಿ.ಫಾರ್ಮಾ. ವ್ಯಾಸಂಗಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಗಣಿತ ಅಥವಾ ಜೀವಶಾಸ್ತ್ರ ಇದ್ದರೆ ಸಾಕು.

ವಾಸ್ತುಶಿಲ್ಪ ಹಾಗೂ ಸೇನೆ: ಬಿ.ಆರ್ಕ್. ಪದವಿಗೆ ಗಣಿತ ಮತ್ತು ಭೌತಶಾಸ್ತ್ರ ಬೇಕು. ನಾಟಾ ಎಂಬ ಅಭಿರುಚಿ ಪರೀಕ್ಷೆ ಪ್ರತ್ಯೇಕವಾಗಿರುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಭೂಸೇನಾ ವಿಭಾಗಕ್ಕೆ ಯಾವ ವಿಭಾಗದವರೂ ಅರ್ಹರು. ವಾಯುಪಡೆ ಮತ್ತು ನೌಕಾಪಡೆಗೆ ಭೌತ, ರಸಾಯನ, ಗಣಿತ ಓದಿರಬೇಕು.

ತೋಟಗಾರಿಕೆ, ಕೃಷಿ ಮತ್ತು ಪಶು ವೈದ್ಯಕೀಯ

ಈ ವಿಷಯವನ್ನು ಪ್ರತ್ಯೇಕವಾಗಿ ವಿವರಿಸಲು ಕಾರಣವಿದೆ. ಘಟಪ್ರಭಾ ನದಿಯ ದಂಡೆಯ ಕಲಾದಗಿಯ ದಾಳಿಂಬೆ ಹಾಗೂ ಚಿಕ್ಕು ಹಣ್ಣುಗಳು ರಾಜ್ಯದಲ್ಲೆಲ್ಲ ಹೆಸರಾಗಿವೆ. ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ರೋಗವು ತಂದಿತ್ತ ನಷ್ಟವೂ ಈ ಭಾಗದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಇಂತಹ ಬೆಳೆಗಳ ಅಧ್ಯಯನಕ್ಕಾಗಿಯೇ ಇರುವ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2008ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾಗಿದ್ದು, ನವನಗರದ ಉದ್ಯಾನಗಿರಿಯಲ್ಲಿ ಅದರ ಆವರಣವಿದೆ. ಅಲ್ಲಿ ನಾಲ್ಕು ವರ್ಷಗಳ ಬಿ.ಎಸ್ಸಿ. (ಆನರ್ಸ್) ತೋಟಗಾರಿಕೆ ಪದವಿಯನ್ನು ನೀಡಲಾಗುತ್ತದೆ. ಈ ಪದವಿಗೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿರಬೇಕು.

ಕಲಾದಗಿಯ ತೋಟದ ಮನೆಯ ವಿದ್ಯಾರ್ಥಿಯೊಬ್ಬನು ಕಂಪ್ಯೂಟರ್ ಕಲಿತರೆ ಕೆಲಸ ಸಿಗುತ್ತದೆಂಬ ಮಾತು ಕೇಳಿ ಪಿಸಿಎಂಸಿ ಸೇರುತ್ತಾನೆಂದು ಭಾವಿಸೋಣ. ಎರಡು ವರ್ಷಗಳ ನಂತರ ಇಂಜಿನಿಯರಿಂಗ್ ರ್‍ಯಾಂಕ್ ಚೆನ್ನಾಗಿ ಬಾರದಿದ್ದಾಗ, ತನ್ನದೇ ತಾಲ್ಲೂಕಿನಲ್ಲಿರುವ ವಿಶ್ವವಿದ್ಯಾಲಯದಲ್ಲಿ, ತನ್ನ ಮನೆಯವರು ತಲೆಮಾರುಗಳಿಂದ ಮಾಡಿಕೊಂಡು ಬಂದ ವಿಷಯವನ್ನೇ ಓದಲು ಆತನು ಅರ್ಹನಾಗಿರುವುದಿಲ್ಲ. ಅದೇ ಪಿಸಿಎಂಬಿ ಓದಿದ ವಿದ್ಯಾರ್ಥಿಗೆ ಇಂಜಿನಿಯರಿಂಗ್ ಹಾಗೂ ತೋಟಗಾರಿಕೆ ಎರಡರ ಬಾಗಿಲೂ ತೆರೆದಿರುತ್ತದೆ. ರೈತ ಕುಟುಂಬದ ಮಕ್ಕಳಿಗೆ ಇದಕ್ಕಿಂತ ಮಹತ್ವದ ಮಾಹಿತಿ ಈ ಪುಟದಲ್ಲಿ ಬೇರೊಂದಿಲ್ಲ.

ಇದರ ಜೊತೆಗೆ, ಕೃಷಿ ಸಂಬಂಧಿತ ಪದವಿಗಳ ಸೀಟುಗಳಲ್ಲಿ ಒಂದು ಭಾಗವನ್ನು ಕೃಷಿಕರ ಮಕ್ಕಳಿಗಾಗಿ ಮೀಸಲಿಡಲಾಗಿದೆ. ಇದನ್ನು ಕೃಷಿಕರ ಕೋಟಾ ಎನ್ನಲಾಗುತ್ತದೆ. ಈ ಕೋಟಾದಡಿ ಅರ್ಜಿ ಸಲ್ಲಿಸುವವರಿಗೆ ಬೀಜ, ಕಳೆ, ಗೊಬ್ಬರ, ಉಪಕರಣ ಮುಂತಾದವನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹೊಲದಲ್ಲಿ ದುಡಿದ ಮಕ್ಕಳಿಗೆ ಇದು ಕಷ್ಟವಲ್ಲ. ಸಿ.ಇ.ಟಿ. ಅರ್ಜಿ ತುಂಬುವ ಸಮಯದಲ್ಲಿಯೇ ಈ ಕೋಟಾವನ್ನು ಕೋರಬೇಕಾಗುತ್ತದೆ. ಅನಂತರ ಕೇಳಿದರೆ ಪರಿಗಣಿಸುವುದಿಲ್ಲ. ಪಹಣಿ, ಕೃಷಿಕ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಟ್ಟುಕೊಳ್ಳತಕ್ಕದ್ದು.

ಪಶು ವೈದ್ಯಕೀಯ, ಮೀನುಗಾರಿಕೆ, ಅರಣ್ಯ ಶಾಸ್ತ್ರ, ರೇಷ್ಮೆ ಕೃಷಿ ಪದವಿಗಳಿಗೂ ಜೀವಶಾಸ್ತ್ರ ಬೇಕು. ಕೃಷಿ ಇಂಜಿನಿಯರಿಂಗ್ ಮತ್ತು ಹೈನು ತಂತ್ರಜ್ಞಾನದ ಬಿ.ಟೆಕ್. ಪದವಿಗಳು ಮಾತ್ರ ಇದಕ್ಕೆ ಹೊರತಾಗಿದ್ದು, ಅಲ್ಲಿ ಗಣಿತ ಪ್ರಧಾನ. ಕೃಷಿ ಶಿಕ್ಷಣವನ್ನು ಬಯಸುವ ಅಭ್ಯರ್ಥಿಗಳು ಸಿ.ಇ.ಟಿ.ಯ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಈ ನಾಲ್ಕೂ ಪತ್ರಿಕೆಗಳಿಗೆ ಹಾಜರಾಗುವುದು ಸುರಕ್ಷಿತ. ಪ್ರತಿ ಪತ್ರಿಕೆಯಲ್ಲಿ 60 ಪ್ರಶ್ನೆಗಳಿದ್ದು, 80 ನಿಮಿಷಗಳ ಅವಧಿ ನೀಡಲಾಗುತ್ತದೆ.

ಪಿಸಿಎಂಬಿ ಎಲ್ಲರಿಗೂ ಸರಿಯೇ

ಮೇಲಿನ ವಿವರಗಳನ್ನು ಓದಿದ ಪೋಷಕರು ಎಲ್ಲ ಮಕ್ಕಳನ್ನೂ ಪಿಸಿಎಂಬಿಗೆ ಸೇರಿಸಬೇಕೆಂದು ತೀರ್ಮಾನಿಸುವುದು ಸಹಜ. ಯಾವ ಪದವಿ ಎಂಬುದು ಹದಿನಾರನೆಯ ವಯಸ್ಸಿಗೆ ಇನ್ನೂ ನಿಶ್ಚಯವಾಗದ ವಿದ್ಯಾರ್ಥಿಗೆ ಅದೇ ಸೂಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಂಯೋಜನೆಗೆ ಬೆಲೆ ತೆರಬೇಕಾಗುತ್ತದೆ. ಜೀವಶಾಸ್ತ್ರದ ಪಠ್ಯ ದೊಡ್ಡದು. ಹೆಸರುಗಳು, ಚಿತ್ರಗಳು, ವರ್ಗೀಕರಣಗಳನ್ನು ನೆನಪಿಡಬೇಕು. ಗಣಿತವು ದಿನನಿತ್ಯ ಅಭ್ಯಾಸ ಕೇಳುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯು ಎರಡನ್ನೂ ಒಮ್ಮೆಗೇ ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಜೀವಶಾಸ್ತ್ರದಲ್ಲಿ ಸ್ವಲ್ಪವೂ ಆಸಕ್ತಿಯಿಲ್ಲದೆ, ಗಣಿತ ಮತ್ತು ಯಂತ್ರಗಳಲ್ಲಿಯೇ ಮನಸ್ಸಿರುವ ವಿದ್ಯಾರ್ಥಿಯನ್ನು 'ಇರಲಿ' ಎಂದು ಪಿಸಿಎಂಬಿಗೆ ಸೇರಿಸಿದರೆ, ಆತನು ಗಣಿತಕ್ಕೆ ಕೊಡಬೇಕಾದ ಸಮಯವನ್ನು ಅಲ್ಲಿ ಕಳೆದು ಎರಡರಲ್ಲೂ ಹಿಂದುಳಿಯುವ ಸಂಭವವಿದೆ. ಅಂತಹವರಿಗೆ ಗಣಕ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಅಥವಾ ಸಂಖ್ಯಾಶಾಸ್ತ್ರ ಉತ್ತಮ. ಸಂಖ್ಯಾಶಾಸ್ತ್ರವನ್ನು ಈ ಭಾಗದಲ್ಲಿ ಕೇಳುವವರೇ ಕಡಿಮೆ. ದತ್ತಾಂಶ ವಿಶ್ಲೇಷಣೆಗೆ ಬೇಡಿಕೆ ಹೆಚ್ಚಿರುವ ಇಂದಿನ ದಿನಗಳಲ್ಲಿ ಅದು ಅನರ್ಹವಾದ ಉಪೇಕ್ಷೆ.

ಇನ್ನೊಂದು ತುದಿಯಲ್ಲಿ, ಗಣಿತಕ್ಕೆ ಹೆದರಿ ಅದನ್ನು ಪೂರ್ಣವಾಗಿ ಕೈಬಿಡುವವರಿದ್ದಾರೆ. ವೈದ್ಯಕೀಯ ಅಥವಾ ನರ್ಸಿಂಗ್ ಸೀಟು ದೊರೆತರೆ ತೊಂದರೆಯಿಲ್ಲ. ದೊರೆಯದಿದ್ದಲ್ಲಿ ಇಂಜಿನಿಯರಿಂಗ್, ವಾಸ್ತುಶಿಲ್ಪ ಇವೆಲ್ಲವೂ ಅವರ ಪಾಲಿಗೆ ಇಲ್ಲವಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷಗಳ ವಿಜ್ಞಾನ ಪದವಿಗೂ ಭೌತ, ರಸಾಯನ, ಗಣಿತ ಮೂರೂ ಬೇಕು. ನೀಟ್ ಬರೆಯುವವರ ಸಂಖ್ಯೆಗೂ ಲಭ್ಯ ಸೀಟುಗಳಿಗೂ ಇರುವ ಅಂತರವನ್ನು ನೋಡಿದರೆ, ಒಂದೇ ಪರೀಕ್ಷೆಯನ್ನು ನಂಬಿ ಗಣಿತ ಬಿಡುವುದು ಸಲಹೆಗೆ ಯೋಗ್ಯವಲ್ಲ.

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದದವರಿಗೆ ವೈದ್ಯಕೀಯದ ದಾರಿ ಸಂಪೂರ್ಣ ಮುಚ್ಚಿದೆಯೇ ಎಂದು ಅನೇಕರು ವಿಚಾರಿಸುತ್ತಾರೆ. ಹನ್ನೆರಡನೆಯ ತರಗತಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಪಡೆದ ಮಂಡಳಿಯಿಂದ ತೇರ್ಗಡೆ ಮಾಡಿಕೊಂಡವರಿಗೂ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗವು ನವೆಂಬರ್ 2023ರಲ್ಲಿ ಅವಕಾಶ ಕಲ್ಪಿಸಿದೆ. ಹೀಗೆ ಮಾಡಿದರೆ ಒಂದು ವರ್ಷವಾದರೂ ಕಳೆದುಹೋಗುವುದರಿಂದ ಇದನ್ನು ಆಪತ್ತಿನ ದಾರಿಯೆಂದೇ ಪರಿಗಣಿಸುವುದು ಲೇಸು.

ಭಾಷಾ ವಿಷಯಗಳು ಹಾಗೂ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು

ಎರಡು ಭಾಷೆಗಳ ಪೈಕಿ ಇಂಗ್ಲಿಷನ್ನು ಆರಿಸಿಕೊಂಡಿರುವುದು ವೈದ್ಯಕೀಯ ಹಾಗೂ ನರ್ಸಿಂಗ್ ಆಕಾಂಕ್ಷಿಗಳಿಗೆ ಅವಶ್ಯ. ಮತ್ತೊಂದು ಭಾಷೆಯಾಗಿ ಕನ್ನಡವನ್ನು ಆರಿಸಿದರೆ ಒಟ್ಟು ಅಂಕಗಳು ಕಡಿಮೆಯಾಗುತ್ತವೆ ಎಂಬ ಅಭಿಪ್ರಾಯಕ್ಕೆ ಆಧಾರವಿಲ್ಲ. ಭಾಷೆಗಳ ಅಂಕ ಸಿ.ಇ.ಟಿ. ರ್‍ಯಾಂಕಿಗೆ ಸೇರುವುದಿಲ್ಲವೆಂದು ಅವುಗಳನ್ನು ನಿರ್ಲಕ್ಷಿಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಜೆ.ಇ.ಇ. ಮೂಲಕ ಐ.ಐ.ಟಿ. ಅಥವಾ ಎನ್.ಐ.ಟಿ. ಸೇರಲು ಹನ್ನೆರಡನೆಯ ತರಗತಿಯಲ್ಲಿ ಶೇ. 75ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 65ರಷ್ಟು ಅಂಕ ಬೇಕಾಗಿದ್ದು, ಈ ಲೆಕ್ಕದಲ್ಲಿ ಭೌತ, ರಸಾಯನ, ಗಣಿತಗಳೊಂದಿಗೆ ಭಾಷೆಯೂ ಸೇರುತ್ತದೆ. ನೆರೆಯ ಧಾರವಾಡದಲ್ಲಿ 2016ರಿಂದ ಐ.ಐ.ಟಿ. ಇರುವುದರಿಂದ ಈ ಮಾಹಿತಿ ಜಿಲ್ಲೆಯ ಮಕ್ಕಳಿಗೆ ಕೇವಲ ದೂರದ ಮಾತಲ್ಲ.

ಪದವಿ ಪೂರ್ವ ವಿಜ್ಞಾನ ತರಗತಿಗಳಲ್ಲಿ ಬೋಧನೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಮೂರು ತಿಂಗಳು ತರಗತಿಯಲ್ಲಿ ಹಿಂದುಳಿದಂತೆ ಕಂಡರೆ ಅದು ಬುದ್ಧಿಯ ಕೊರತೆಯಲ್ಲ, ಪದಗಳ ಕೊರತೆ. ವೇಗೋತ್ಕರ್ಷ, ವಿದ್ಯುತ್ಪ್ರವಾಹ, ದ್ಯುತಿಸಂಶ್ಲೇಷಣೆ ಇವುಗಳನ್ನು ಅವರು ಈಗಾಗಲೇ ಬಲ್ಲರು. ಅವುಗಳ ಇಂಗ್ಲಿಷ್ ಹೆಸರುಗಳನ್ನು ತಿಳಿದುಕೊಳ್ಳಬೇಕಾಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೂ ತರಗತಿಗಳ ಆರಂಭಕ್ಕೂ ನಡುವೆ ದೊರೆಯುವ ವಾರಗಳಲ್ಲಿ, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಕನ್ನಡ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಈ ತೊಡಕು ಅರ್ಧದಷ್ಟು ಕಡಿಮೆಯಾಗುತ್ತದೆ. ಎರಡೂ ಪುಸ್ತಕಗಳು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ನೀಟ್ ಪರೀಕ್ಷೆಯನ್ನು ಹಾಗೂ 2021ರಿಂದ ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಭಾಷೆಯನ್ನು ಅರ್ಜಿಯಲ್ಲಿಯೇ ನಮೂದಿಸಬೇಕು. ನೀಟ್‌ನಲ್ಲಿ ಕನ್ನಡ ಪ್ರಶ್ನೆಪತ್ರಿಕೆಯು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಲಭ್ಯವಿರುತ್ತದೆ. ಸೊಲ್ಲಾಪುರ ಅಥವಾ ಬೇರೆ ರಾಜ್ಯದ ಕೇಂದ್ರವನ್ನು ಆರಿಸಿಕೊಂಡವರಿಗೆ ಈ ಸೌಲಭ್ಯ ತಪ್ಪುತ್ತದೆ. ಅನುವಾದದಲ್ಲಿ ಸಂದಿಗ್ಧತೆ ಬಂದಲ್ಲಿ ಇಂಗ್ಲಿಷ್ ಆವೃತ್ತಿಯೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವರು ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಮುನ್ನ ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿ ನೋಡಿ ತೀರ್ಮಾನಿಸುವುದು ಒಳಿತು.

ಮೀಸಲಾತಿ ಸಂಬಂಧ ಈಗಲೇ ತಿಳಿದಿರಬೇಕಾದ ಅಂಶಗಳು

ಸಿ.ಇ.ಟಿ. ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಅಷ್ಟೇ ಅವಧಿಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಇವು ಜಾತಿ ಆಧಾರಿತ ಮೀಸಲಾತಿಯ ಒಳಗೇ ಅನ್ವಯವಾಗುವುದರಿಂದ ಎಲ್ಲ ವರ್ಗದವರಿಗೂ ಉಪಯುಕ್ತ. ಹತ್ತು ವರ್ಷಗಳಲ್ಲಿ ಒಂದು ವರ್ಷ ಪಟ್ಟಣದ ಶಾಲೆಯಲ್ಲಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೂ ಸದರಿ ಮೀಸಲಾತಿ ದೊರೆಯುವುದಿಲ್ಲ. ಪಿ.ಯು.ಸಿ.ಯನ್ನು ನಗರದಲ್ಲಿ ಓದುವುದರಿಂದ ಗ್ರಾಮೀಣ ಮೀಸಲಾತಿಗೆ ಬಾಧೆಯಿಲ್ಲ. ಹಳ್ಳಿಯ ಮಕ್ಕಳು ಈ ಭಯದಿಂದ ಬಾಗಲಕೋಟೆ ಅಥವಾ ಇಳಕಲ್ಲಿನ ಕಾಲೇಜನ್ನು ಬಿಡಬೇಕಾಗಿಲ್ಲ. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣ ಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಮಾಡಿಸಿಟ್ಟುಕೊಂಡರೆ ಕಡೆಯ ವಾರದ ಓಡಾಟ ತಪ್ಪುತ್ತದೆ.

ಸಂವಿಧಾನದ 371(ಜೆ) ವಿಧಿಯ ಸೌಲಭ್ಯದ ಬಗ್ಗೆ ಹುನಗುಂದ ಹಾಗೂ ಇಳಕಲ್ ಭಾಗದಲ್ಲಿ ಗೊಂದಲವಿದೆ. ಈ ಸೌಲಭ್ಯವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಅನ್ವಯಿಸುತ್ತದೆ. ಬಾಗಲಕೋಟೆ ಜಿಲ್ಲೆ ಅದರಲ್ಲಿ ಇಲ್ಲ. ಗಡಿಯಾಚೆಗಿನ ಕುಷ್ಟಗಿ ತಾಲ್ಲೂಕು ಕೊಪ್ಪಳ ಜಿಲ್ಲೆಗೂ, ಲಿಂಗಸುಗೂರು ತಾಲ್ಲೂಕು ರಾಯಚೂರು ಜಿಲ್ಲೆಗೂ ಸೇರಿದ್ದು, ಅವು ಇದರ ವ್ಯಾಪ್ತಿಯಲ್ಲಿವೆ. ಇಳಕಲ್ಲಿನ ವಿದ್ಯಾರ್ಥಿಯು ಕುಷ್ಟಗಿಯ ಕಾಲೇಜಿಗೆ ಸೇರಿದ ಮಾತ್ರಕ್ಕೆ ಈ ಸೌಲಭ್ಯಕ್ಕೆ ಅರ್ಹನಾಗುವುದಿಲ್ಲ. ತಂದೆ ಅಥವಾ ತಾಯಿ ಆ ಜಿಲ್ಲೆಗಳ ಮೂಲದವರಾಗಿದ್ದಲ್ಲಿ ಮಾತ್ರ, ಆ ಭಾಗದ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಹತಾ ಪ್ರಮಾಣ ಪತ್ರದ ಕುರಿತು ವಿಚಾರಿಸಬಹುದು. ಇಳಕಲ್ಲಿನಲ್ಲಿ ನೆಲೆಸಿದ ಇಂತಹ ಕುಟುಂಬಗಳು ಅನೇಕ ವೇಳೆ ಈ ಹಕ್ಕನ್ನು ತಿಳಿಯದೇ ಬಿಟ್ಟುಬಿಡುತ್ತವೆ.

ಕಾಲೇಜನ್ನು ನೋಡಿ ತಿಳಿದುಕೊಳ್ಳಬೇಕಾದುದು

ಸಂಯೋಜನೆ ನಿರ್ಧಾರವಾದ ನಂತರ ಕಾಲೇಜಿಗೆ ಪೋಷಕರು ಒಮ್ಮೆ ಖುದ್ದಾಗಿ ಭೇಟಿ ನೀಡುವುದು ಒಳ್ಳೆಯದು. ಶೇಕಡಾವಾರು ಫಲಿತಾಂಶದ ಫಲಕವನ್ನು ನೋಡುವುದಕ್ಕಿಂತ ಪ್ರಯೋಗಾಲಯದ ಬಾಗಿಲು ತೆರೆಸಿ ನೋಡುವುದು ಹೆಚ್ಚು ತಿಳಿವಳಿಕೆ ನೀಡುತ್ತದೆ. ಧೂಳು ಹಿಡಿದ ಸೂಕ್ಷ್ಮದರ್ಶಕ, ಖಾಲಿ ಸೀಸೆಗಳು ಕಂಡುಬಂದಲ್ಲಿ ಪ್ರಶ್ನಿಸಲು ಹಿಂಜರಿಯಬಾರದು. ನಾಲ್ಕೂ ಐಚ್ಛಿಕ ವಿಷಯಗಳಿಗೆ ಉಪನ್ಯಾಸಕರು ಇದ್ದಾರೆಯೇ, ಇರುವವರು ಕಾಯಂ ಅಥವಾ ಅತಿಥಿ ಉಪನ್ಯಾಸಕರೇ ಎಂದು ಪ್ರಾಂಶುಪಾಲರನ್ನು ಕೇಳಬಹುದು. ಗಣಿತ ಉಪನ್ಯಾಸಕರ ಹುದ್ದೆ ಖಾಲಿಯಿರುವ ಕಾಲೇಜಿನಲ್ಲಿ ಪಿಸಿಎಂಬಿ ಎಂಬುದು ಕಾಗದದ ಮೇಲಿನ ಹೆಸರಷ್ಟೇ ಆಗುತ್ತದೆ.

ದೂರವೂ ವಿಚಾರ ಮಾಡಬೇಕಾದ ಅಂಶ. ಹಳ್ಳಿಯಿಂದ ಪ್ರತಿದಿನ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ದೊರೆಯುತ್ತದೆ. ಜೂನ್ 2023ರಿಂದ ರಾಜ್ಯದ ವಿದ್ಯಾರ್ಥಿನಿಯರು ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಆದರೆ ಪ್ರಯೋಗ ತರಗತಿಗಳು ಸಾಮಾನ್ಯವಾಗಿ ಮಧ್ಯಾಹ್ನದ ನಂತರ ನಡೆಯುವುದರಿಂದ ಕೊನೆಯ ಬಸ್ಸಿನ ಸಮಯವನ್ನು ಮೊದಲೇ ತಿಳಿದಿರಬೇಕು. ಬಸ್ಸಿಗಾಗಿ ಪ್ರಯೋಗ ತಪ್ಪಿಸಿದರೆ 30 ಅಂಕಗಳಿಗೂ, ಕಡ್ಡಾಯವಾಗಿರುವ ಶೇ. 75ರ ಹಾಜರಾತಿಗೂ ಧಕ್ಕೆಯಾಗುತ್ತದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಹಾಗೂ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿದ್ದು, ಕಾಲೇಜು ಪ್ರವೇಶವಾದ ಕೂಡಲೇ ಈ ಕೆಲಸ ಮಾಡತಕ್ಕದ್ದು.

ವಿಜ್ಞಾನ ವಿಭಾಗವೇ ಅಲ್ಲದ ದಾರಿಗಳು

ಎಸ್.ಎಸ್.ಎಲ್.ಸಿ. ನಂತರ ನೇರವಾಗಿ ಪಾಲಿಟೆಕ್ನಿಕ್ ಸೇರಿ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು, ಡಿಪ್ಲೊಮಾದಾರರಿಗಾಗಿಯೇ ಇರುವ ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಇಂಜಿನಿಯರಿಂಗ್ ಓದುವುದೇ ಗುರಿಯಾಗಿದ್ದು, ಎರಡು ವರ್ಷಗಳ ಪ್ರವೇಶ ಪರೀಕ್ಷೆಯ ಒತ್ತಡ ಬೇಡವೆನ್ನುವವರಿಗೆ, ಜೊತೆಗೆ ಮಧ್ಯದಲ್ಲಿ ಉದ್ಯೋಗಕ್ಕೆ ಸೇರುವ ಅನಿವಾರ್ಯತೆ ಬರಬಹುದಾದ ಕುಟುಂಬಗಳ ಮಕ್ಕಳಿಗೆ ಇದು ಯೋಗ್ಯ ಮಾರ್ಗ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಿಂದ ನಡೆಯುತ್ತಿದ್ದು, ಪಿ.ಯು.ಸಿ. ಓದಿದವರೂ ಡಿಪ್ಲೊಮಾ ಮುಗಿಸಿದವರೂ ಒಂದೇ ತರಗತಿಯಲ್ಲಿ ಕುಳಿತು ಓದುವುದನ್ನು ಅಲ್ಲಿ ಕಾಣಬಹುದು.

ವಿಜ್ಞಾನದಲ್ಲಿ ಆಸಕ್ತಿಯಿದ್ದು ಪ್ರವೇಶ ಪರೀಕ್ಷೆಗಳಲ್ಲಿ ಆಸಕ್ತಿಯಿಲ್ಲದವರಿಗೆ ಬಿ.ಎಸ್ಸಿ. ಪದವಿ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024-25ನೇ ಸಾಲಿನಿಂದ ಮತ್ತೆ ಮೂರು ವರ್ಷಗಳ ಪದವಿ ಜಾರಿಯಲ್ಲಿದೆ. ಈ ಭಾಗದ ವಿದ್ಯಾರ್ಥಿಗಳು ಭೂಗರ್ಭಶಾಸ್ತ್ರವನ್ನು ಮರೆಯುವುದು ಸ್ವಲ್ಪ ವಿಚಿತ್ರವೇ ಸರಿ. ಭೂವಿಜ್ಞಾನಿಗಳು ಈ ಪ್ರದೇಶದ ಪ್ರಾಚೀನ ಶಿಲಾಸ್ತರಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟಿದ್ದು, ಅದರ ಎರಡು ಭಾಗಗಳನ್ನು ಬಾಗಲಕೋಟೆ ಮತ್ತು ಬಾದಾಮಿಯ ಹೆಸರಿನಿಂದ ಗುರುತಿಸುತ್ತಾರೆ. ಬಾದಾಮಿಯ ಗುಹೆಗಳನ್ನು ಕೊರೆದಿರುವುದು ಇದೇ ಮರಳುಗಲ್ಲಿನಲ್ಲಿ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳವರೆಗೆ ಹೋಗುತ್ತದೆ. ಪಿ.ಯು.ಸಿ.ಯಲ್ಲಿ ಯಾವುದೇ ವಿಜ್ಞಾನ ಸಂಯೋಜನೆ ಓದಿದವರು ಪದವಿಯಲ್ಲಿ ಭೂಗರ್ಭಶಾಸ್ತ್ರವನ್ನು ಆರಿಸಿಕೊಳ್ಳಬಹುದು.

ಸಂಯೋಜನೆಯ ಬದಲಾವಣೆ

ಪ್ರವೇಶ ಪಡೆದ ನಂತರ ಸಂಯೋಜನೆ ಸರಿಹೊಂದುವುದಿಲ್ಲವೆಂದು ತಿಳಿದುಬಂದಲ್ಲಿ, ಪ್ರಥಮ ವರ್ಷದ ಆರಂಭದಲ್ಲಿ ಇಲಾಖೆಯು ಸುತ್ತೋಲೆಯ ಮೂಲಕ ನಿಗದಿಪಡಿಸುವ ದಿನಾಂಕದೊಳಗೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸತಕ್ಕದ್ದು. ತರಗತಿಗಳು ಪ್ರಾರಂಭವಾದ ಮೊದಲ ಎರಡು ವಾರಗಳಲ್ಲಿ ವಿದ್ಯಾರ್ಥಿಯೊಂದಿಗೆ ಪೋಷಕರು ಈ ಬಗ್ಗೆ ಮಾತನಾಡಿ ತಿಳಿದುಕೊಂಡರೆ ಸಮಯ ಮೀರುವುದಿಲ್ಲ. ಮಗುವು ಸುಮ್ಮನಿದೆ ಎಂದರೆ ಎಲ್ಲ ಸರಿಯಿದೆ ಎಂದರ್ಥವಲ್ಲ.

ಪ್ರವೇಶಕ್ಕೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ವರ್ಗಾವಣೆ ಪ್ರಮಾಣ ಪತ್ರ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆಧಾರ್ ಪ್ರತಿ ಹಾಗೂ ಭಾವಚಿತ್ರಗಳು ಅವಶ್ಯ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಅಂಕಪಟ್ಟಿ, ಆಧಾರ್ ಹಾಗೂ ಜಾತಿ ಪ್ರಮಾಣ ಪತ್ರದಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇವೆಯೇ ಎಂದು ಪರಿಶೀಲಿಸಿ, ವ್ಯತ್ಯಾಸವಿದ್ದಲ್ಲಿ ಪ್ರಥಮ ವರ್ಷದಲ್ಲಿಯೇ ಸರಿಪಡಿಸಿಕೊಳ್ಳತಕ್ಕದ್ದು. ಅರ್ಹತಾ ಅಂಕಗಳು ಹಾಗೂ ಸೀಟು ಹಂಚಿಕೆಯ ನಿಯಮಗಳಲ್ಲಿ ವರ್ಷದಿಂದ ವರ್ಷಕ್ಕೆ ಬದಲಾವಣೆಗಳಾಗುವುದರಿಂದ, ಅರ್ಜಿ ಸಲ್ಲಿಸುವ ಸಾಲಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರಕಟಿಸುವ ಮಾಹಿತಿ ಪುಸ್ತಿಕೆಯೇ ಅಂತಿಮ. ಕಾಲೇಜಿಗೆ ಮಂಜೂರಾದ ಸಂಯೋಜನೆಗಳ ವಿವರ ಹಾಗೂ ಸಂಯೋಜನೆ ಬದಲಾವಣೆಯ ದಿನಾಂಕಗಳಿಗಾಗಿ ಬಾಗಲಕೋಟೆಯಲ್ಲಿರುವ ಉಪ ನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ (ಪದವಿ ಪೂರ್ವ) ಇವರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.